ಬೀಜದ ಹೋರಿಗೆ ಹತ್ತಿಕಾಳು ಹಿಂಡಿ: ನಿಲ್ಲಿಸುವುದು ಹೇಗೆ, ಎಷ್ಟು ದಿನ ಕಾಯಬೇಕು

"ಹೋರಿ ಮೈಕೈ ತುಂಬಿಕೊಂಡು ಚೆನ್ನಾಗಿದೆ, ಬೆದೆಗೆ ಬಂದ ದನವನ್ನು ಹಾರುತ್ತದೆ, ಆದರೂ ದನ ಗಬ್ಬ ನಿಲ್ಲುತ್ತಿಲ್ಲ. ಹತ್ತಿಕಾಳು ಹಿಂಡಿ ತಿಂದರೆ ಹೋರಿ ಕೆಡುತ್ತದಂತೆ, ನಿಜವೇ?" ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯಿಂದ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಘಟ್ಟದ ಕೆಳಗೆ ಕುಮಟಾ, ಅಂಕೋಲಾದಲ್ಲಿ ಮಲೆನಾಡು ಗಿಡ್ಡ ಎಂಬ ಸಣ್ಣ ಗಾತ್ರದ ನಾಟಿ ದನ ಸಾಕುವವರೂ ಇದನ್ನೇ ಕೇಳುತ್ತಾರೆ. ಉತ್ತರ: ನಿಜ. ಆದರೆ ಎಲ್ಲ ಹೋರಿಗೂ, ಎಲ್ಲ ಹಿಂಡಿಯಿಂದಲೂ ಹಾಗಾಗುವುದಿಲ್ಲ. ಬೇಗ ಗಮನಿಸಿದರೆ ಹೆಚ್ಚಿನ ಹೋರಿಗಳು ಸುಧಾರಿಸಿಕೊಳ್ಳುತ್ತವೆ. ಈ ಸಂಗತಿ ಗೊತ್ತಿಲ್ಲದೆ ಒಳ್ಳೆಯ ತಳಿಯ ಹೋರಿಗೆ ಬೀಜ ಒಡೆಸಿಬಿಡುವುದು, ಮಾರಿಬಿಡುವುದು ನಡೆಯುತ್ತಲೇ ಇದೆ. ಗಿಡ್ಡ ತಳಿಯ ಒಳ್ಳೆಯ ಹೋರಿ ಊರಿಗೊಂದು ಸಿಗುವುದೂ ಕಷ್ಟವಾಗಿರುವ ಈ ಹೊತ್ತಿನಲ್ಲಿ ಅದು ದೊಡ್ಡ ನಷ್ಟ. ಆದ್ದರಿಂದ ಹೋರಿಯ ಬಗ್ಗೆ ಏನನ್ನೇ ತೀರ್ಮಾನಿಸುವ ಮೊದಲು ಇದನ್ನು ಪೂರ್ತಿ ಓದಿ.

ಹಿಂಡಿಯಲ್ಲಿ ಇರುವುದೇನು?

ಹತ್ತಿ ಗಿಡ ಹುಳುಹುಪ್ಪಟೆಗಳಿಂದ ತನ್ನನ್ನು ಕಾಪಾಡಿಕೊಳ್ಳಲು ಗಾಸಿಪಾಲ್ ಎಂಬ ಹಳದಿ ಬಣ್ಣದ ವಿಷವಸ್ತುವನ್ನು ತಯಾರಿಸಿಕೊಳ್ಳುತ್ತದೆ. ಒಂದು ಹತ್ತಿಕಾಳನ್ನು ಅಡಕತ್ತರಿಯಲ್ಲಿ ಉದ್ದಕ್ಕೆ ಸೀಳಿ ನೋಡಿ. ಒಳಗಿನ ತಿಳಿ ಬಣ್ಣದ ತಿರುಳಿನ ಮೇಲೆ ಕರಿಮೆಣಸಿನ ಪುಡಿ ಉದುರಿಸಿದಂತೆ ಸಣ್ಣ ಸಣ್ಣ ಕಪ್ಪು ಚುಕ್ಕಿಗಳು ಕಾಣುತ್ತವೆ. ಗಾಸಿಪಾಲ್ ಇರುವುದು ಆ ಚುಕ್ಕಿಗಳಲ್ಲಿ.

ಇದರಲ್ಲಿ ಎರಡು ಬಗೆ. ಯಾವುದಕ್ಕೂ ಅಂಟಿಕೊಳ್ಳದೆ ಬಿಡಿಯಾಗಿರುವುದು ಮುಕ್ತ ಗಾಸಿಪಾಲ್. ದೇಹಕ್ಕೆ ಸೇರಿ ಕೆಡುಕು ಮಾಡುವುದು ಮುಖ್ಯವಾಗಿ ಇದೇ. ಕಾಳು ಬಿಸಿಯಾದಾಗ ಅದರ ಒಂದು ಪಾಲು ಪ್ರೋಟೀನಿಗೆ ಅಂಟಿಕೊಂಡು ಬಂಧಿತ ಗಾಸಿಪಾಲ್ ಆಗುತ್ತದೆ, ಅದರ ಕಾಟ ಕಡಿಮೆ. ಮೆಲುಕು ಹಾಕುವ ಪ್ರಾಣಿಗಳ ದೊಡ್ಡ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳ ನಡುವೆಯೂ ಇದೇ ನಡೆಯುವುದರಿಂದ ದನ, ಎಮ್ಮೆ ಸಾಕಷ್ಟು ಹತ್ತಿಹಿಂಡಿ ತಿಂದು ಅರಗಿಸಿಕೊಳ್ಳುತ್ತವೆ. ಹಸುವಿನ ಗರ್ಭಧಾರಣೆಯ ಮೇಲೆ ಸಾಮಾನ್ಯ ಪ್ರಮಾಣದ ಹತ್ತಿಹಿಂಡಿ ಅಂಥ ಪರಿಣಾಮ ಮಾಡುವುದಿಲ್ಲ. ಹಾಲಿನ ಜಿಡ್ಡು ಏರುತ್ತದೆ ಎಂದೇ ಕರೆಯುವ ಹಸುವಿಗೆ ಹತ್ತಿಕಾಳು ಹಾಕುತ್ತೇವೆ, ಅದರಲ್ಲಿ ತಪ್ಪೇನಿಲ್ಲ.

ತೊಂದರೆ ಶುರುವಾಗುವುದು ಹಸುವಿನ ಅಕ್ಕಚ್ಚಿನ (ಹಿಂಡಿ ಕಲಸಿದ ನೀರಿನ) ಬಾನಿಯಿಂದಲೇ ಹೋರಿಗೂ ಕೊಟ್ಟಾಗ. ಹಸು ತಡೆದುಕೊಳ್ಳುವ ಪ್ರಮಾಣವನ್ನು ಹೋರಿಯ ವೃಷಣ ತಡೆದುಕೊಳ್ಳುವುದಿಲ್ಲ. ವೀರ್ಯಾಣುವಿಗೆ ತಲೆ, ನಡುಭಾಗ, ಬಾಲ ಎಂದು ಮೂರು ಭಾಗ. ಈಜಲು ಬೇಕಾದ ಶಕ್ತಿಯನ್ನು ಕೊಡುವ ಮೈಟೊಕಾಂಡ್ರಿಯಾಗಳು, ಅಂದರೆ ಜೀವಕೋಶದೊಳಗೆ ಶಕ್ತಿ ತಯಾರಿಸುವ ಸಣ್ಣ ಘಟಕಗಳು, ನಡುಭಾಗಕ್ಕೆ ಸುತ್ತಿಕೊಂಡಿರುತ್ತವೆ. ಗಾಸಿಪಾಲ್ ಹೊಡೆಯುವುದು ಅಲ್ಲಿಗೇ. ಆ ಸುತ್ತು ಹರಿದುಹೋಗುತ್ತದೆ, ನಡುಭಾಗ ಮುರಿದು ಸೊಟ್ಟಗಾಗುತ್ತದೆ, ವೀರ್ಯಾಣು ಈಜಲಾರದೆ ನಿಂತುಬಿಡುತ್ತದೆ. ಪ್ರಮಾಣ ಹೆಚ್ಚಾದರೆ ವೃಷಣದೊಳಗೆ ವೀರ್ಯಾಣು ಹುಟ್ಟುವ ಪದರಕ್ಕೇ ಪೆಟ್ಟು ಬೀಳುತ್ತದೆ. ಬೇರೆ ದೇಶದಲ್ಲಿ ಎಳೆಯ ಬ್ರಾಹ್ಮನ್ ಹೋರಿಗಳಿಗೆ ದಿನಕ್ಕೆ ಸುಮಾರು 8 ಗ್ರಾಂ ಮುಕ್ತ ಗಾಸಿಪಾಲ್ ಸೇರುವಷ್ಟು ಹತ್ತಿಹಿಂಡಿಯನ್ನು ವಾರಗಟ್ಟಲೆ ತಿನ್ನಿಸಿ ನೋಡಿದಾಗ ನಡುಭಾಗ ಕೆಟ್ಟ ವೀರ್ಯಾಣುಗಳು ಎದ್ದು ಕಾಣುವಷ್ಟು ಹೆಚ್ಚಿದವು, ಹೋರಿಗಳ ಆಸಕ್ತಿಯೂ ಕುಗ್ಗಿತು.

ಹೊರಗಿನಿಂದ ನೋಡಿದರೆ ಇದಾವುದೂ ಗೊತ್ತಾಗುವುದಿಲ್ಲ. ವೃಷಣ ಊದಿರುವುದಿಲ್ಲ, ಮೇವು ಬಿಟ್ಟಿರುವುದಿಲ್ಲ, ಮೈ ಹೊಳೆಯುತ್ತಲೇ ಇರುತ್ತದೆ. "ನೋಡಲು ಇಷ್ಟು ಚೆನ್ನಾಗಿದೆಯಲ್ಲ" ಎಂಬ ಮಾತನ್ನು ಆಧಾರವಾಗಿ ಹಿಡಿಯಬೇಡಿ.

ಹತ್ತಿ ಎಣ್ಣೆಯ ಬಗ್ಗೆಯೂ ಕೆಲವರು ಕೇಳುತ್ತಾರೆ. 1950ರ ದಶಕದಲ್ಲಿ ಚೀನಾದ ಕೆಲವು ಹಳ್ಳಿಗಳಲ್ಲಿ ಶುದ್ಧೀಕರಿಸದ ಹತ್ತಿ ಎಣ್ಣೆಯಲ್ಲಿ ಅಡುಗೆ ಮಾಡುತ್ತಿದ್ದ ಮನೆಗಳಲ್ಲಿ ಮಕ್ಕಳಾಗುವುದು ಕಡಿಮೆಯಾದದ್ದನ್ನು ವೈದ್ಯರು ಗಮನಿಸಿದರು. ಮುಂದೆ ಗಾಸಿಪಾಲನ್ನು ಗಂಡಸರ ಸಂತಾನನಿರೋಧಕ ಮಾತ್ರೆಯಾಗಿ 8,000ಕ್ಕೂ ಹೆಚ್ಚು ಜನರ ಮೇಲೆ ಪ್ರಯೋಗಿಸಿದರು. ಕೆಲವರಿಗೆ ರಕ್ತದಲ್ಲಿ ಪೊಟ್ಯಾಸಿಯಂ ಕುಸಿಯಿತು, ಕೆಲವರಿಗೆ ಮಾತ್ರೆ ಬಿಟ್ಟ ಮೇಲೂ ಫಲವತ್ತತೆ ಮರಳಲಿಲ್ಲ, ಹಾಗಾಗಿ ಕೈಬಿಟ್ಟರು. ಅಂಗಡಿಯಲ್ಲಿ ಸಿಗುವ ಶುದ್ಧೀಕರಿಸಿದ ಎಣ್ಣೆಯಲ್ಲಿ ಗಾಸಿಪಾಲ್ ತೆಗೆದಿರುತ್ತಾರೆ, ಅದಕ್ಕೆ ಹೆದರಬೇಕಿಲ್ಲ.

ಶುರುಮಾಡುವ ಮೊದಲು ಬೇಕಾದದ್ದು: ಒಂದು ನೋಟುಬುಕ್ಕು, ಒಂದು ತಕ್ಕಡಿ, ಹೋರಿಗೆಂದೇ ಬೇರೆ ಬಕೆಟ್ಟು, ನಿಮ್ಮೂರಿನ ಪಶುವೈದ್ಯರ ಸಂಪರ್ಕ, ಮತ್ತು ಮೂರು ತಿಂಗಳ ತಾಳ್ಮೆ.

1. ದೋಷ ಹೋರಿಯದೇ ಎಂದು ಖಚಿತಪಡಿಸಿಕೊಳ್ಳಿ

ಈ ಹೋರಿ ಹಾರಿದ ದನಗಳೆಷ್ಟು, ಯಾವ ಯಾವ ದಿನ, ಅವುಗಳಲ್ಲಿ ಎಷ್ಟು ಮತ್ತೆ ಬೆದೆಗೆ ಬಂದವು ಎಂದು ಬರೆಯಿರಿ. ಹಸು ಗಬ್ಬ ನಿಲ್ಲದಿದ್ದರೆ ಸುಮಾರು 21 ದಿನಕ್ಕೆ ಮತ್ತೆ ಬೆದೆಗೆ ಬರುತ್ತದೆ. 18ರಿಂದ 24 ದಿನದೊಳಗೆ ಬಂದರೂ ಸಹಜವೇ. ನಿಮ್ಮ ಮನೆಯ ಒಂದೇ ದನ ಮರಳಿ ಮರಳಿ ಬೆದೆಗೆ ಬರುತ್ತಿದ್ದು, ಅದೇ ಹೋರಿಯಿಂದ ಪಕ್ಕದ ಮನೆಯ ದನಗಳು ಗಬ್ಬ ಕಟ್ಟುತ್ತಿದ್ದರೆ ದೋಷ ದನದ್ದು. ಗರ್ಭಕೋಶದ ಸೋಂಕು, ಖನಿಜಾಂಶದ ಕೊರತೆ, ಬೆದೆಯ ಹೊತ್ತು ತಪ್ಪಿಸಿ ಹೋರಿ ಕೊಡಿಸುವುದು ಹೀಗೆ ಹಲವು ಕಾರಣಗಳಿರುತ್ತವೆ. ಬೇರೆ ಬೇರೆ ಮನೆಯ ಮೂರು ನಾಲ್ಕು ದನಗಳು ಒಂದೇ ಅವಧಿಯಲ್ಲಿ ಮರಳಿದರೆ ಹೋರಿಯ ಕಡೆ ನೋಡಿ.

ಹೋರಿಯ ಕಡೆಗೂ ಬೇರೆ ಕಾರಣಗಳಿವೆ. ಕಾಲುಬಾಯಿ ರೋಗ, ಚರ್ಮಗಂಟು ರೋಗ ಅಥವಾ ಜೋರು ಜ್ವರ ಬಂದು ಹೋದ ಮೇಲೆ ಕೆಲ ವಾರ ವೀರ್ಯ ಕೆಟ್ಟಿರುತ್ತದೆ. ಬ್ರುಸೆಲ್ಲೋಸಿಸ್ ಎಂಬ ಸೋಂಕು ವೃಷಣಕ್ಕೆ ತಗಲುತ್ತದೆ, ದನಗಳಲ್ಲಿ ಗಬ್ಬ ಕಂತುವಂತೆ (ಗರ್ಭಪಾತವಾಗುವಂತೆ) ಮಾಡುತ್ತದೆ, ಮನುಷ್ಯರಿಗೂ ಹರಡುತ್ತದೆ. ನಿಮ್ಮ ಸುತ್ತಮುತ್ತ ತುಂಬಿದ ಗಬ್ಬಗಳು ಕಂತುತ್ತಿದ್ದರೆ ಹಿಂಡಿಯ ಯೋಚನೆ ಬದಿಗಿಟ್ಟು ಮೊದಲು ರಕ್ತ ಪರೀಕ್ಷೆ ಮಾಡಿಸಿ. ಕಂತಿದ ಕರುವನ್ನು, ಮಾಸನ್ನು ಬರಿಗೈಯಲ್ಲಿ ಮುಟ್ಟಬೇಡಿ.

ತೋಟಕ್ಕೆ ಹೊಡೆಯುವ ಬೋರ್ಡೋ ದ್ರಾವಣದಿಂದ ಹೀಗಾಗಿರಬಹುದೇ ಎಂದು ಅಡಿಕೆ ಬೆಳೆಗಾರರು ಕೇಳುತ್ತಾರೆ. ಆ ದ್ರಾವಣದಲ್ಲಿರುವ ಮೈಲುತುತ್ತದ ತಾಮ್ರ ದೇಹದಲ್ಲಿ ಹೆಚ್ಚಾದರೆ ಯಕೃತ್ತಿಗೆ ಪೆಟ್ಟು, ಕಾಮಾಲೆ, ಕೆಂಪು ಮೂತ್ರ ಕಾಣುತ್ತದೆ. ಕುರಿಗಳಿಗಂತೂ ಅದು ಬಹಳ ಅಪಾಯ. ಔಷಧಿ ಹೊಡೆದ ತೋಟದ ಹುಲ್ಲನ್ನು ಕೂಡಲೇ ಕೊಯ್ದು ಹಾಕಬಾರದು ಎಂಬುದು ಸರಿ. ಆದರೆ ಹೋರಿ ಆರೋಗ್ಯವಾಗಿ ಕಾಣುತ್ತಾ ವೀರ್ಯಾಣುವಿನ ನಡುಭಾಗ ಮಾತ್ರ ಕೆಡುವುದು ಬೇರೆಯದೇ ಕತೆ. ಎರಡನ್ನೂ ಕಲಸಬೇಡಿ.

2. ಹೋರಿ ತಿನ್ನುವುದನ್ನೆಲ್ಲ ತೂಗಿ ಬರೆಯಿರಿ

ಈ ಹಂತದಲ್ಲಿ ಅವಸರ ಬೇಡ. ಕಳೆದ ಮೂರು ತಿಂಗಳಲ್ಲಿ ಹೋರಿಗೆ ಹಾಕಿದ್ದು ಏನು, ದಿನಕ್ಕೆಷ್ಟು ಎಂದು ಮನೆಯವರನ್ನೆಲ್ಲ ಕೇಳಿ ಬರೆಯಿರಿ. ಬೆಳಗಿನ ಅಕ್ಕಚ್ಚು ಒಬ್ಬರು, ಸಂಜೆಯದು ಇನ್ನೊಬ್ಬರು ಕೊಡುವ ಮನೆಗಳಲ್ಲಿ "ಒಂದು ಬೊಗಸೆ ಅಷ್ಟೇ" ಎನ್ನುವುದು ದಿನಕ್ಕೆ ಎರಡು ಮೂರು ಬೊಗಸೆ ಆಗಿರುತ್ತದೆ. ಆ ಬೊಗಸೆಯನ್ನು ತಕ್ಕಡಿಗೆ ಹಾಕಿ ಗ್ರಾಂ ಲೆಕ್ಕ ತೆಗೆಯಿರಿ.

ಹತ್ತಿಯದು ಎಂದು ನಮ್ಮಲ್ಲಿ ಬರುವ ಸರಕು ಒಂದೇ ಬಗೆಯದಲ್ಲ. ಮುಂಡಗೋಡ, ಹಳಿಯಾಳದಿಂದ ಮುಂದೆ ಹುಬ್ಬಳ್ಳಿ, ಹಾವೇರಿವರೆಗೆ ಹತ್ತಿ ಬೆಳೆಯುವ ಸೀಮೆ. ಅಲ್ಲಿಂದ ಇಡಿ ಕಾಳೂ ಬರುತ್ತದೆ, ಹಿಂಡಿಯೂ ಬರುತ್ತದೆ.

ಇಡಿ ಹತ್ತಿಕಾಳಿನಲ್ಲಿರುವ ಗಾಸಿಪಾಲ್ ಹೆಚ್ಚುಕಡಿಮೆ ಎಲ್ಲವೂ ಮುಕ್ತವೇ. ತಳಿ, ನೆಲ ನೋಡಿಕೊಂಡು ಪ್ರಮಾಣ ಬದಲಾಗುತ್ತದೆ, ಕಿಲೋಗೆ 5-7 ಗ್ರಾಂ ಇರುವುದು ಸಾಮಾನ್ಯ. ಎಕ್ಸ್‌ಪೆಲ್ಲರ್ ಯಂತ್ರದಲ್ಲಿ ಒತ್ತಿ ತೆಗೆದ ಹಿಂಡಿ ಆ ಒತ್ತಡಕ್ಕೆ ಚೆನ್ನಾಗಿ ಬಿಸಿಯಾಗಿರುತ್ತದೆ, ಹಾಗಾಗಿ ಮುಕ್ತ ಗಾಸಿಪಾಲ್ ಬಹಳ ಇಳಿದಿರುತ್ತದೆ. ಡಿಓಸಿ ಎಂದು ಮಾರುವ, ದ್ರಾವಕ ಬಳಸಿ ಎಣ್ಣೆ ಪೂರ್ತಿ ತೆಗೆದ ಹಿಂಡಿ ಅಷ್ಟು ಬಿಸಿ ಕಂಡಿರದಿದ್ದರೆ ಅದರಲ್ಲಿ ಕಿಲೋಗೆ 1ರಿಂದ 5 ಗ್ರಾಂವರೆಗೂ ಉಳಿದಿರುತ್ತದೆ. ಬಿಸಿ ಮಾಡದ ಗಾಣದ ಹಿಂಡಿಯಲ್ಲೂ ಹಾಗೆಯೇ. ಆರೋಗ್ಯಕ್ಕೆ ಒಳ್ಳೆಯದೆಂದು ಗಾಣದ ಹಿಂಡಿಯನ್ನೇ ಹುಡುಕಿ ತರುವವರು ಇದನ್ನು ವಿಶೇಷವಾಗಿ ಗಮನಿಸಬೇಕು.

ಈಗ ಲೆಕ್ಕ. ಬೀಜದ ಹೋರಿಯ ಒಟ್ಟು ಆಹಾರದಲ್ಲಿ, ನೀರಿನಂಶ ಕಳೆದು, ಕಿಲೋಗೆ 200 ಮಿಲಿಗ್ರಾಂಗಿಂತ ಹೆಚ್ಚು ಮುಕ್ತ ಗಾಸಿಪಾಲ್ ಇರಬಾರದು ಎಂದು ಪಶು ಆಹಾರ ತಜ್ಞರು ಮಿತಿ ಹೇಳುತ್ತಾರೆ. ಎಳೆಯ ಹೋರಿಗೆ 150 ಮಿಲಿಗ್ರಾಂ. 150 ಕಿಲೋ ತೂಗುವ ಗಿಡ್ಡ ಹೋರಿ ದಿನಕ್ಕೆ ಒಣ ಲೆಕ್ಕದಲ್ಲಿ ಸುಮಾರು ಮೂರೂಮುಕ್ಕಾಲು ಕಿಲೋ ತಿನ್ನುತ್ತದೆ. ಅಂದರೆ ಅದರ ಮಿತಿ ದಿನಕ್ಕೆ 750 ಮಿಲಿಗ್ರಾಂ. ಕಿಲೋಗೆ 6 ಗ್ರಾಂ ಇರುವ ಇಡಿ ಹತ್ತಿಕಾಳಾದರೆ 125 ಗ್ರಾಂಗೇ ಮಿತಿ ಮುಗಿಯಿತು! ದೊಡ್ಡ ಎಚ್.ಎಫ್. (ಹೋಲ್‌ಸ್ಟೀನ್ ಫ್ರೀಸಿಯನ್ ಎಂಬ ವಿದೇಶಿ ತಳಿ) ಹೋರಿಗೆ ಹೇಳಿದ ಅಳತೆಯನ್ನು ಗಿಡ್ಡಕ್ಕೆ ಹಾಕಬಾರದು ಎನ್ನುವುದು ಇದಕ್ಕೇ.

ಚೀಲದಲ್ಲಿ ಬರುವ ಮಿಶ್ರ ಪಶು ಆಹಾರದಲ್ಲೂ ಹತ್ತಿಹಿಂಡಿ ಸೇರಿರಬಹುದು. ಚೀಲದ ಮೇಲಿನ ಚೀಟಿಯಲ್ಲಿ ಏನೇನು ಬಳಸಿದ್ದಾರೆ ಎಂದು ಓದಿ, ಬರೆದಿರದಿದ್ದರೆ ಅಂಗಡಿಯವರನ್ನು ಕೇಳಿ.

ನನ್ನ ಸ್ಪಷ್ಟ ಅಭಿಪ್ರಾಯ: ನಿಮ್ಮ ಕೈಲಿರುವ ಹಿಂಡಿಯಲ್ಲಿ ಗಾಸಿಪಾಲ್ ಎಷ್ಟಿದೆ ಎಂದು ಯಾವ ಅಂಗಡಿಯೂ ಹೇಳುವುದಿಲ್ಲ. ಹಾಗಿರುವಾಗ ಮಿತಿಯೊಳಗೆ ಕೊಡುತ್ತೇನೆ ಎಂದು ಲೆಕ್ಕ ಹಾಕುತ್ತಾ ಕೂರುವುದಕ್ಕಿಂತ ಬೀಜಕ್ಕೆ ಇಟ್ಟ ಹೋರಿಗೆ ಹತ್ತಿಯದನ್ನು ಪೂರ್ತಿ ಬಿಡುವುದೇ ಕ್ಷೇಮ. ಮೇಲಿನ ಲೆಕ್ಕ ಕೊಟ್ಟದ್ದು, ಈಗಾಗಲೇ ತಿಂದದ್ದು ಎಷ್ಟು ಎಂದು ನಿಮಗೆ ಅಂದಾಜು ಸಿಗಲಿ ಎಂದು.

3. ನಿಲ್ಲಿಸಿ, ಬಕೆಟ್ಟು ಬೇರೆ ಮಾಡಿ

ಹತ್ತಿಕಾಳು, ಹಿಂಡಿ ಎರಡನ್ನೂ ನಿಲ್ಲಿಸಿ. ಹೋರಿಗೆ ಬೇರೆ ಬಕೆಟ್ಟು ಇಡಿ. ಕೊಟ್ಟಿಗೆಯಲ್ಲಿ ಹಸುವಿನ ಬಾನಿಗೆ ಹೋರಿಯ ಬಾಯಿ ಎಟುಕದಷ್ಟು ದೂರ ಕಟ್ಟಿ. ಹೆಚ್ಚಿನ ಮನೆಗಳಲ್ಲಿ ನಿಲ್ಲಿಸಿಯೂ ನಿಲ್ಲಿಸದಂತಾಗುವುದು ಇಲ್ಲೇ: ಹಸು ಉಳಿಸಿದ ಅಕ್ಕಚ್ಚನ್ನು ಚೆಲ್ಲಲು ಮನಸ್ಸು ಬಾರದೆ ಹೋರಿಯ ಮುಂದೆ ಇಟ್ಟುಬಿಡುತ್ತಾರೆ. ಕೆಲಸಕ್ಕೆ ಬರುವವರಿಗೂ ಇದನ್ನು ಬಿಡಿಸಿ ಹೇಳಿ.

ರಾತ್ರಿಯಿಡೀ ನೆನೆಹಾಕಿ ನೀರು ಚೆಲ್ಲಿದರೆ ವಿಷ ಹೋಗುತ್ತದೆ ಎಂಬ ನಂಬಿಕೆ ಹಲವರಲ್ಲಿದೆ. ಗಾಸಿಪಾಲ್ ನೀರಿನಲ್ಲಿ ಕರಗುವ ವಸ್ತುವಲ್ಲ, ನೆನೆಹಾಕಿ ಪ್ರಯೋಜನವಿಲ್ಲ. ಬೇಯಿಸಿದರೆ ಒಂದಿಷ್ಟು ಇಳಿಯುತ್ತದೆ ನಿಜ, ಎಷ್ಟು ಇಳಿಯಿತು ಎಂದು ಮನೆಯಲ್ಲಿ ತಿಳಿಯುವ ದಾರಿಯಿಲ್ಲ. ಕಬ್ಬಿಣದ ಲವಣ ಗಾಸಿಪಾಲನ್ನು ಹಿಡಿದಿಡುತ್ತದೆ ಎಂದು ಎಲ್ಲೋ ಓದಿ ಹೋರಿಗೆ ಕಬ್ಬಿಣದ ಪುಡಿ ತಿನ್ನಿಸಲು ಹೋಗಬೇಡಿ. ಅದು ಮುಖ್ಯವಾಗಿ ಹಂದಿಗಳ ಆಹಾರದಲ್ಲಿ ಅಳತೆ ನೋಡಿ ಮಾಡುವ ಕೆಲಸ, ಅಳತೆ ತಪ್ಪಿದರೆ ಕಬ್ಬಿಣವೂ ವಿಷವೇ.

ಬದಲಿಗೆ ಏನು ಕೊಡಬೇಕು? ಕೆಲಸವಿಲ್ಲದೆ ಬೆಟ್ಟದಲ್ಲಿ ಮೇಯುವ ಗಿಡ್ಡ ಹೋರಿಗೆ ಮಳೆಗಾಲದಲ್ಲಿ ಹಸಿ ಹುಲ್ಲು, ಸ್ವಲ್ಪ ಗೋದಿ ಬೂಸಾ ಅಥವಾ ಅಕ್ಕಿ ತೌಡು, ಖನಿಜ ಮಿಶ್ರಣ, ಕಲ್ಲುಪ್ಪು ಸಾಕು. ಹಿಂಡಿ ಬೇಕೇ ಬೇಕೆಂದರೆ ಕರಾವಳಿಯಲ್ಲಿ ಕೊಬ್ಬರಿ ಹಿಂಡಿ ಸುಲಭವಾಗಿ ಸಿಗುತ್ತದೆ, ಘಟ್ಟದ ಮೇಲೆ ಶೇಂಗಾ ಹಿಂಡಿಯೂ ಸಿಗುತ್ತದೆ. ಇವುಗಳಿಗೂ ಒಂದು ಎಚ್ಚರಿಕೆ ಇದೆ. ನಮ್ಮ ಮಳೆಗಾಲದ ತೇವಕ್ಕೆ ಹಿಂಡಿ ಬೂಷ್ಟು ಹಿಡಿದರೆ ಅಫ್ಲಟಾಕ್ಸಿನ್ ಎಂಬ ಶಿಲೀಂಧ್ರದ ವಿಷ ಹುಟ್ಟುತ್ತದೆ. ಶೇಂಗಾ ಹಿಂಡಿಯಲ್ಲಿ ಇದರ ಕಾಟ ಹೆಚ್ಚು. ಅದು ಯಕೃತ್ತನ್ನು ಕೆಡಿಸುತ್ತದೆ, ಕರೆಯುವ ಹಸು ತಿಂದರೆ ಹಾಲಿಗೂ ಇಳಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹದಿನೈದು ದಿನಕ್ಕಾಗುವಷ್ಟು ಮಾತ್ರ ತನ್ನಿ, ನೆಲಕ್ಕೆ ತಾಗದಂತೆ ಹಲಗೆಯ ಮೇಲಿಡಿ, ಮುಗ್ಗಲು ವಾಸನೆ ಬಂದರೆ ಗೊಬ್ಬರದ ಗುಂಡಿಗೆ ಹಾಕಿ. ಬೂಷ್ಟು ಕೆರೆದು ಉಳಿದದ್ದನ್ನು ಕೊಡುವುದು ಬೇಡ. ಹೊಸ ಆಹಾರವನ್ನು ಒಂದು ವಾರದಲ್ಲಿ ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತಾ ಹೋಗಿ.

ಹಸಿ ಹುಲ್ಲಿನ ವಿಷಯದಲ್ಲಿ ಇನ್ನೊಂದು ಮಾತು. ವಿಟಮಿನ್ ಇ ವೀರ್ಯಾಣುವಿಗೆ ಗಾಸಿಪಾಲ್‌ನಿಂದಾಗುವ ಹಾನಿಯನ್ನು ತಗ್ಗಿಸುತ್ತದೆ ಎಂದು ಎಳೆಯ ಹೋರಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡಿದೆ. ಹಸಿ ಹುಲ್ಲಿನಲ್ಲಿ ಅದು ಧಾರಾಳ, ಒಣ ಭತ್ತದ ಹುಲ್ಲಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ನಮ್ಮಲ್ಲಿ ಮಾರ್ಚ್‌ನಿಂದ ಮೇವರೆಗೆ ಬೆಟ್ಟದ ಹುಲ್ಲು ಒಣಗುತ್ತದೆ, ಒಣಹುಲ್ಲಿನ ಜೊತೆ ಹಿಂಡಿ ಹೆಚ್ಚಿಸುತ್ತೇವೆ. ಹಾಗಾಗಿ ರಕ್ಷಣೆ ಕಡಿಮೆಯಾಗುವುದು, ವಿಷ ಹೆಚ್ಚಾಗುವುದು ಎರಡೂ ಒಂದೇ ಕಾಲಕ್ಕೆ ಬೀಳುತ್ತವೆ. ಬೇಸಿಗೆಯ ಸೆಕೆಯೂ ವೀರ್ಯಕ್ಕೆ ಒಳ್ಳೆಯದಲ್ಲ. ಮಳೆ ಬಿದ್ದು ಹಸಿ ಹುಲ್ಲು ತಿಂದ ದನಗಳು ಜೂನ್, ಜುಲೈನಲ್ಲಿ ಬೆದೆಗೆ ಬಂದಾಗ ಹೋರಿ ಸೋಲುವುದಕ್ಕೆ ಕಾರಣ ಏಪ್ರಿಲ್, ಮೇ ತಿಂಗಳ ಬಾನಿಯಲ್ಲಿರುತ್ತದೆ. ವಿಟಮಿನ್ ಇ ಪುಡಿಯನ್ನು ಪಶುವೈದ್ಯರು ಹೇಳಿದ ಅಳತೆಯಲ್ಲಿ ಕೊಡಬಹುದು. ಆದರೆ ಅದನ್ನು ಕೊಡುತ್ತಾ ಹತ್ತಿಹಿಂಡಿ ಮುಂದುವರಿಸುತ್ತೇನೆ ಎನ್ನುವುದು ಸರಿಯಲ್ಲ.

4. ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಕಾಯಿರಿ

ಹೋರಿಯ ವೃಷಣದಲ್ಲಿ ಒಂದು ವೀರ್ಯಾಣು ಶುರುವಿನಿಂದ ಪೂರ್ತಿಯಾಗಲು ಸುಮಾರು 61 ದಿನ ಬೇಕು. ಆಮೇಲೆ ಅದು ವೃಷಣಕ್ಕೆ ಅಂಟಿದ ನಾಳದಲ್ಲಿ ಸಾಗಿ ಬಲಿಯಲು ಇನ್ನೊಂದು ವಾರ ಹತ್ತು ದಿನ. ಇವತ್ತು ಹಿಂಡಿ ನಿಲ್ಲಿಸಿದರೆ ಮುಂದಿನ ವಾರ ಹೋರಿ ಹೊರಹಾಕುವುದು ಎರಡು ತಿಂಗಳ ಹಿಂದೆ ಶುರುವಾದ, ವಿಷ ತಾಗಿದ ಸರಕನ್ನೇ. ಎರಡೂವರೆ ತಿಂಗಳೊಳಗೆ "ನಿಲ್ಲಿಸಿ ನೋಡಿದೆ, ಪ್ರಯೋಜನವಾಗಲಿಲ್ಲ" ಎನ್ನುವುದಕ್ಕೆ ಅರ್ಥವಿಲ್ಲ. ಮೂರು ತಿಂಗಳು ಕಾಯಿರಿ. ಹೆಚ್ಚು ತಿಂದಿದ್ದರೆ, ಅಥವಾ ಹೋರಿ ಪ್ರಾಯಕ್ಕೆ ಬರುವ ಹೊತ್ತಿನಲ್ಲೇ ತಿಂದಿದ್ದರೆ, ಅದಕ್ಕಿಂತ ಹೆಚ್ಚು ತಿಂಗಳೂ ಹಿಡಿಯುತ್ತದೆ.

ಹೋರಿ ಆರೋಗ್ಯವಾಗಿದ್ದು, ಮುಂಜಾಗ್ರತೆಗಾಗಿ ಮಾತ್ರ ಓದುತ್ತಿರುವವರೂ ಇದೇ ಲೆಕ್ಕ ಹಿಡಿಯಿರಿ: ದನಗಳು ಹೆಚ್ಚಾಗಿ ಬೆದೆಗೆ ಬರುವ ಕಾಲಕ್ಕೆ 60ರಿಂದ 90 ದಿನ ಮೊದಲೇ ಹತ್ತಿಯದು ನಿಂತಿರಬೇಕು.

ಈ ಅವಧಿಯಲ್ಲಿ ಹೋರಿಯನ್ನು ದನಗಳ ಜೊತೆ ಬೆಟ್ಟಕ್ಕೆ ಬಿಡಬೇಡಿ. ಅದು ಪೂರ್ತಿ ಬಂಜೆಯಾಗಿರುವುದಿಲ್ಲ; ಒಂದೊಂದು ದನ ಗಬ್ಬ ಕಟ್ಟಿ, ಉಳಿದವು ತಪ್ಪಿ, ನಿಮ್ಮ ಲೆಕ್ಕವೆಲ್ಲ ಗೊಂದಲವಾಗುತ್ತದೆ, ಪ್ರತಿ ದನಕ್ಕೂ 21 ದಿನ ನಷ್ಟ. ಬೆದೆಗೆ ಬಂದ ದನಕ್ಕೆ ಬೇರೆ ಹೋರಿ ಕೊಡಿಸಿ, ಇಲ್ಲವೇ ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಮಾಡಿಸಿ.

5. ವೀರ್ಯ ಪರೀಕ್ಷೆ ಮಾಡಿಸಿ

ಸಾಧ್ಯವಿದ್ದರೆ ಎರಡು ಸಲ ಮಾಡಿಸಿ: ಹಿಂಡಿ ನಿಲ್ಲಿಸುವ ಹೊತ್ತಿಗೆ ಒಮ್ಮೆ, ಮೂರು ತಿಂಗಳಾದ ಮೇಲೆ ಮತ್ತೊಮ್ಮೆ. ತಾಲೂಕು ಪಶು ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಿ. ಅಲ್ಲಿ ವೀರ್ಯ ತೆಗೆಯುವ ಸಲಕರಣೆ ಇಲ್ಲದಿದ್ದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನ ಮಾರ್ಗದರ್ಶನ ಕೊಡಿಸಲು ಕೇಳಿ. ವೀರ್ಯ ಬಿಸಿಲಿಗೆ, ತಂಪಿಗೆ ಬಹಳ ಬೇಗ ಕೆಡುತ್ತದೆ. ಹೋರಿ ಇರುವಲ್ಲೇ ಸೂಕ್ಷ್ಮದರ್ಶಕ ಇಟ್ಟು ನೋಡಬೇಕೇ ಹೊರತು ಸೀಸೆಯಲ್ಲಿ ತುಂಬಿ ಬಸ್ಸಿನಲ್ಲಿ ಒಯ್ಯುವುದಲ್ಲ.

ವೀರ್ಯಾಣುಗಳ ಸಂಖ್ಯೆಯೊಂದನ್ನೇ ಕೇಳಿ ಸಮಾಧಾನಪಡಬೇಡಿ, ಗಾಸಿಪಾಲ್ ಪ್ರಕರಣದಲ್ಲಿ ಸಂಖ್ಯೆ ಚೆನ್ನಾಗಿದ್ದೂ ಗುಣ ಕೆಟ್ಟಿರಬಹುದು. ಮುಂದಕ್ಕೆ ನೇರ ಈಜುವವು ನೂರಕ್ಕೆ ಎಷ್ಟು, ಆಕಾರ ಸರಿಯಿರುವವು ಎಷ್ಟು, ಕೆಟ್ಟವುಗಳಲ್ಲಿ ನಡುಭಾಗ ಕೆಟ್ಟವು ಎಷ್ಟು ಎಂದು ಬೇರೆ ಬೇರೆಯಾಗಿ ಬರೆಸಿಕೊಳ್ಳಿ. ಬೀಜದ ಹೋರಿಯಲ್ಲಿ ಆಕಾರ ಸರಿಯಿರುವವು ಕನಿಷ್ಠ 70, ಮುಂದಕ್ಕೆ ಈಜುವವು ಕನಿಷ್ಠ 30 ಇರಬೇಕು ಎಂಬುದು ಸಾಮಾನ್ಯವಾಗಿ ಬಳಸುವ ಅಳತೆ. ಹತ್ತಿಹಿಂಡಿ ತಿನ್ನಿಸಿದ್ದೀರಿ ಎಂಬುದನ್ನು ವೈದ್ಯರಿಗೆ ನೀವಾಗಿಯೇ ಹೇಳಿ, ನಿಮ್ಮ ನೋಟುಬುಕ್ಕು ತೋರಿಸಿ. ನಡುಭಾಗ ಕೆಡುವುದಕ್ಕೆ ಬೇರೆ ಕಾರಣಗಳೂ ಇರುವುದರಿಂದ ಮೇವಿನ ಚರಿತ್ರೆ ಇಲ್ಲದೆ ಅವರು ಗಾಸಿಪಾಲ್ ಎಂದು ಹೇಳಲಾರರು. ಬಹಳ ದಿನ ಹಾರದೆ ಇದ್ದ ಹೋರಿಯ ಮೊದಲ ವೀರ್ಯದಲ್ಲಿ ಹಳೆಯ, ಸತ್ತ ವೀರ್ಯಾಣುಗಳೇ ಹೆಚ್ಚಿರುತ್ತವೆ. ಅದನ್ನೊಂದೇ ನೋಡಿ ತೀರ್ಮಾನಿಸದೆ ಇನ್ನೊಮ್ಮೆ ತೆಗೆದು ನೋಡಲು ಹೇಳಿ.

6. ಮತ್ತೆ ದನಕ್ಕೆ ಬಿಡುವುದು

ಎರಡನೇ ಪರೀಕ್ಷೆ ಸರಿ ಬಂದರೆ, ಈ ಹಿಂದೆ ಸಲೀಸಾಗಿ ಗಬ್ಬ ಕಟ್ಟಿದ ಎರಡು ಮೂರು ದನಗಳಿಗೆ ಮೊದಲು ಬಿಟ್ಟು ನೋಡಿ. 21 ದಿನಕ್ಕೆ ಅವು ಮರಳದಿದ್ದರೆ ಒಳ್ಳೆಯ ಸೂಚನೆ. ಎರಡು ತಿಂಗಳು ದಾಟಿದ ಮೇಲೆ ವೈದ್ಯರಿಂದ ಗಬ್ಬದ ತಪಾಸಣೆ ಮಾಡಿಸಿ ಖಾತ್ರಿಪಡಿಸಿಕೊಳ್ಳಿ. ಎರಡನೇ ಪರೀಕ್ಷೆಯಲ್ಲಿ ಅರ್ಧಂಬರ್ಧ ಸುಧಾರಣೆ ಕಂಡರೆ ಇನ್ನೂ ಎರಡು ತಿಂಗಳು ಕಾದು ಮೂರನೇ ಸಲ ನೋಡಿ. ಆರೇಳು ತಿಂಗಳಾದರೂ ಏನೂ ಬದಲಾಗದಿದ್ದರೆ ಕಾರಣ ಬೇರೆಯೇ ಇರಬಹುದು, ಇಲ್ಲವೇ ವೃಷಣಕ್ಕೆ ಆಳವಾದ ಪೆಟ್ಟಾಗಿರಬಹುದು. ಆ ಹೋರಿಯನ್ನು ಬೀಜಕ್ಕೆ ಇಟ್ಟುಕೊಳ್ಳುವ ಯೋಚನೆ ಬಿಡುವುದು ಆಗಲೇ, ಅದಕ್ಕಿಂತ ಮೊದಲಲ್ಲ.

ಬೇರೆ ಪ್ರಾಣಿಗಳ ಬಗ್ಗೆ

ಬರೀ ಇಂಜೆಕ್ಷನ್ ಮಾಡಿಸುವ ಮನೆಯವರು ಹಸುವಿನ ಹಿಂಡಿ ಬದಲಿಸಬೇಕಿಲ್ಲ. ಆದರೆ ಕರುಗಳ ವಿಷಯ ಬೇರೆ, ಮತ್ತು ಇದನ್ನು ದಯವಿಟ್ಟು ಹಗುರಾಗಿ ತೆಗೆದುಕೊಳ್ಳಬೇಡಿ. ನಾಲ್ಕು ತಿಂಗಳೊಳಗಿನ ಕರುವಿನ ದೊಡ್ಡ ಹೊಟ್ಟೆ ಇನ್ನೂ ಬೆಳೆದಿರುವುದಿಲ್ಲ, ಗಾಸಿಪಾಲನ್ನು ಹಿಡಿದಿಡುವ ಶಕ್ತಿ ಅದಕ್ಕಿಲ್ಲ. ವಾರಗಟ್ಟಲೆ ಹಿಂಡಿ ನೆಕ್ಕಿದ ಕರು ಹೃದಯಕ್ಕೆ ಪೆಟ್ಟಾಗಿ, ಉಬ್ಬಸ ಬಂದು, ಕೆಲವೊಮ್ಮೆ ಯಾವ ಸೂಚನೆಯೂ ಇಲ್ಲದೆ ಸಾಯುತ್ತದೆ. ಕರುವನ್ನು ತಾಯಿಯ ಬಾನಿಯ ಹತ್ತಿರ ಬಿಡಬೇಡಿ. ಏದುಸಿರು, ಗಂಟಲು ಮತ್ತು ಎದೆಯ ಕೆಳಗೆ ಬಾವು ಕಂಡರೆ ತಡಮಾಡದೆ ವೈದ್ಯರನ್ನು ಕರೆಸಿ, ಪಶು ಸಹಾಯವಾಣಿ 1962ಕ್ಕೂ ಕರೆ ಮಾಡಬಹುದು.

ಬೀಜಕ್ಕೆ ಇಟ್ಟ ಹೋತ, ಟಗರುಗಳಿಗೆ ಹೋರಿಯ ನಿಯಮವೇ. ಅವುಗಳ ಮೈತೂಕ ಕಡಿಮೆಯಾದ್ದರಿಂದ ಸಣ್ಣ ಪ್ರಮಾಣವೇ ಹೆಚ್ಚಾಗುತ್ತದೆ. ನಾಯಿ, ಹಂದಿಗಳಿಗೆ ಮೆಲುಕು ಹಾಕುವ ಹೊಟ್ಟೆಯಿಲ್ಲ, ಅವುಗಳಿಗೆ ಹತ್ತಿಹಿಂಡಿ ನೇರ ವಿಷ. ಕೊಟ್ಟಿಗೆಯ ಬಾನಿ ನೆಕ್ಕುವ ಅಭ್ಯಾಸ ನಾಯಿಗಿದ್ದರೆ ಬಾನಿಗೆ ಮುಚ್ಚಳ ಹಾಕಿ. ಕೋಳಿ ಹೆಕ್ಕಿ ತಿಂದರೆ, ಇಟ್ಟ ಮೊಟ್ಟೆಯ ಹಳದಿ ಭಾಗ ಕೆಲ ದಿನಗಳಲ್ಲಿ ಹಸಿರು ಮಿಶ್ರಿತ ಕಂದು ಬಣ್ಣಕ್ಕೆ ತಿರುಗುತ್ತದೆ. ಅಂಥ ಮೊಟ್ಟೆ ಕಂಡರೆ ನಿಮ್ಮ ಹಿಂಡಿಯ ಚೀಲ ಎಲ್ಲೋ ತೆರೆದುಕೊಂಡಿದೆ ಎಂದು ಹುಡುಕಿ.